ದೌಂಡದಲ್ಲಿ ಕೊಯ್ದ ಕುರ್ಚಿ

ಪುಣೆ ಬಳಿಯ ಚಿಂಚವಾಡದ ಕಾರು ಕಾರ್ಖಾನೆಯೊಂದರಲ್ಲಿ ಸೀಟುಗಳ ವಿನ್ಯಾಸ ಮಾಡುತ್ತಿದ್ದ ಪೂರ್ವಾ, ನೌಕರಿ ಬಿಟ್ಟು ಕೈಯಾರೆ ಮರದ ಕುರ್ಚಿ ಮಾಡುತ್ತೇನೆ ಎಂದಾಗ ಧಾರವಾಡದಲ್ಲಿದ್ದ ಅವಳ ತಾಯಿ ಕೆಲವು ದಿನ ಫೋನೇ ಎತ್ತಲಿಲ್ಲ. ಅದೂ ಇಂಗ್ಲೆಂಡಿನ ವಿಂಡ್ಸರ್ ಕುರ್ಚಿ. ಕಂಪನಿಯ ಕೆಲಸಕ್ಕೆಂದು ಅಲ್ಲಿಗೆ ಹೋದಾಗ ಒಂದು ಖಾನಾವಳಿಯಲ್ಲಿ ಅಂಥದರ ಮೇಲೆ ಕೂತು ಉಂಡಿದ್ದಳು. ಎದ್ದಮೇಲೆ ಮಗುಚಿ ಹಾಕಿ ಅಡಿಯನ್ನೂ ನೋಡಿದ್ದಳು. ದಪ್ಪ ಹಲಗೆಯೇ ಅದರ ಜೀವ. ಕಾಲುಗಳು ಕೆಳಗಿನಿಂದ ಹಲಗೆಯೊಳಗೆ ಹೊಕ್ಕಿರುತ್ತವೆ, ಬೆನ್ನಿನ ಸಣ್ಣ ಕಡ್ಡಿಗಳು ಮೇಲಿನಿಂದ. ಆ ಕಡ್ಡಿಗಳನ್ನು ಹಬೆಯಲ್ಲಿ ಬಗ್ಗಿಸಿದ ಒಂದು ಕಮಾನು ಹಿಡಿದಿರುತ್ತದೆ.

ಚಿಂಚವಾಡದಲ್ಲೇ ಒಂದು ಶೆಡ್ ಹಿಡಿದಳು. ಹಲಗೆಗೆ ಸಾಗುವಾನಿ, ಕಾಲಿಗೆ ಜಾಲಿ ಸರಿಹೋಯಿತು. ಕಮಾನು ಮಾತ್ರ ಬಗ್ಗಿಸುವಾಗ ಸೀಳುತ್ತಿತ್ತು. ಹಾಕಿ ಸ್ಟಿಕ್ಕು ಮಾಡುವ ಹಿಪ್ಪುನೇರಳೆ ಮರ ಸಿಕ್ಕಮೇಲೆ ಅದೂ ಹತೋಟಿಗೆ ಬಂತು. ಕಾಲುಗಳ ಓರೆ ತಿದ್ದಿದಳು, ಕಡ್ಡಿಗಳನ್ನು ತೆಳು ಮಾಡಿದಳು. ಹೆಚ್ಚು ಮನಸ್ಸಿಟ್ಟದ್ದು ಕೂರುವ ಹಲಗೆಗೆ. ತೊಡೆಗಳಿಗೆ ಎರಡೂ ಕಡೆ ತಗ್ಗು ತೋಡಿ, ಮುಂದೆ ನಡುವೆ ಕುದುರೆಯ ಜೀನಿನಂತೆ ಒಂದು ಉಬ್ಬು ಬಿಡುತ್ತಿದ್ದಳು. ಕೊನೆಗೊಮ್ಮೆ, ಇನ್ನು ತಿದ್ದುವುದೇನೂ ಇಲ್ಲ ಎನ್ನಿಸಿದ ಕುರ್ಚಿಯೊಂದು ತಯಾರಾಯಿತು. ಕಾರ್ಖಾನೆಯಲ್ಲಿ ಜೊತೆಗಿದ್ದ ಮಾಂತು ಅದನ್ನು ಪುಣೆಯಾಚೆಯ ದೌಂಡದ ತನ್ನ ಮನೆಗೆ, ತಾಯಿ ನಾಗವ್ವನಿಗೆಂದು ಒಯ್ದ. ಅವರಿಗೆ ನೆಲದಿಂದ ಏಳುವುದು ಕಷ್ಟವಾಗಿತ್ತು.

ಫೋನಿನಲ್ಲಿ ಕೇಳಿದಾಗಲೆಲ್ಲ ಮಾಂತು, ಅವ್ವ ದಿನವಿಡೀ ಅದರಲ್ಲೇ ಕೂರುತ್ತಾಳೆ ಎನ್ನುತ್ತಿದ್ದ. ಬೇಸಿಗೆಯ ಹೊತ್ತಿಗೆ ಪುಣೆಯ ಒಂದು ಪ್ರದರ್ಶನಕ್ಕೆ ಆ ಕುರ್ಚಿಯ ಫೋಟೊ ಬೇಕಾಯಿತು. ಪೂರ್ವಾ ಕ್ಯಾಮೆರಾ ಹಿಡಿದು ದೌಂಡದ ರೈಲು ಹತ್ತಿದಳು.

ಮನೆಯ ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಕುರ್ಚಿ ನೆಲದೊಳಗೆ ಹೂತುಹೋದಂತೆ ಒಂದು ಕ್ಷಣ ಕಂಡಿತು. ಆಮೇಲೆ ತಿಳಿಯಿತು. ನಾಲ್ಕೂ ಕಾಲುಗಳನ್ನು, ಅವನ್ನು ಜೋಡಿಸುವ ಅಡ್ಡಕೋಲಿನ ತನಕ ಗರಗಸದಿಂದ ಕೊಯ್ದಿದ್ದರು. ಕುರ್ಚಿಯ ಎರಡೂ ಕೈಗಳಿರಲಿಲ್ಲ, ಉಳಿದಿದ್ದ ಮೊಂಡು ಕಡ್ಡಿಗಳಿಗೆ ಹಳೇ ಬಟ್ಟೆ ಸುತ್ತಿತ್ತು. ಅದರ ಮೇಲೆ ನಾಗವ್ವ ಚಕ್ಕಳಮಕ್ಕಳ ಹಾಕಿಕೊಂಡು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು.

ನಾಗವ್ವ ಬಾ ಎಂದದ್ದು, ನೀರು ಕೊಟ್ಟದ್ದು ಯಾವುದೂ ಪೂರ್ವಾಳ ತಲೆಗೆ ಹೋಗಲಿಲ್ಲ.

“ಇದನ್ನ ಯಾರ ಕೊಯ್ದಾರ್ರಿ?” ಎಂದಳು ಕೊನೆಗೆ.

“ನಾನ ಬಡಿಗ್ಯಾನ್ನ ಕರೆಸಿ ಕೊಯ್ಸೀನವ್ವಾ,” ನಾಗವ್ವ ಸೊಪ್ಪಿನಿಂದ ಕಣ್ಣೆತ್ತದೆ ಹೇಳಿದರು. “ಎತ್ತರ ಭಾಳ ಇತ್ತ, ಕಾಲ ಜೋತಾಡಿ ಬಾವ ಬರ್ತಿತ್ತ. ಮಡಚಿ ಕುಂದರಾಕ ಹೋದ್ರ ಕೈ ಅಡ್ಡ ಬರ್ತಿದ್ದು.”

ಒಳಗಿನಿಂದ ಬಂದ ಮಾಂತು ತಲೆ ತಗ್ಗಿಸಿ ನಿಂತ. ಹೇಳಲು ಧೈರ್ಯವಾಗಲಿಲ್ಲ ಎಂದ. ಕುರ್ಚಿಯನ್ನು ವಾಪಸು ಒಯ್ಯುತ್ತೇನೆ ಎಂದು ಪೂರ್ವಾ ಅಂದೇಬಿಟ್ಟಳು.

ನಾಗವ್ವ ಸಿಟ್ಟಾಗಲಿಲ್ಲ. ಸೀರೆಯ ಅಂಚನ್ನು ತುಸು ಮೇಲೆತ್ತಿ ಕಣಕಾಲು ತೋರಿಸಿದರು. ಗೆಣ್ಣಿನ ಪಕ್ಕದಲ್ಲಿ ಚರ್ಮ ಕಪ್ಪಾಗಿ, ಒಡೆದು, ಒಳಗಿನ ಕೆಂಪು ಕಾಣುತ್ತಿತ್ತು. “ಹಲಗಿ ಮ್ಯಾಲಿನ ಈ ಉಬ್ಬೊಂದು ಬಡಿಗ್ಯಾಗ ಕೊಯ್ಯಾಕ ಬರಲಿಲ್ಲ ನೋಡ,” ಎಂದರು. “ಭಾಳ ಚುಚ್ಚತದ.”

ಪೂರ್ವಾ ದಿನಗಟ್ಟಲೆ ಉಜ್ಜಿ ನುಣುಪು ಮಾಡಿದ್ದ ಉಬ್ಬು ಅದು. ಕೊಯ್ದ ಕಾಲುಗಳನ್ನು ಕಂಡಾಗ ಆಗದಷ್ಟು ಪೆಟ್ಟು ಈಗ ಬಿತ್ತು. ಕಾರಿನ ಸೀಟಿಗಾಗಿ ಎಷ್ಟೋ ಜನರ ಬೆನ್ನು, ತೊಡೆ ಅಳೆದವಳು ಅವಳು. ಈ ಹೆಂಗಸು ಹೇಗೆ ಕೂರುತ್ತಾರೆ ಎಂದು ಮಾಂತುವನ್ನು ಒಂದು ಸಲವೂ ಕೇಳಿರಲಿಲ್ಲ. ತನ್ನ ಮನೆಯ ಸೋಫಾದ ಮೇಲೆ ತಾನೂ ಕಾಲು ಮಡಚಿಯೇ ಕೂರುತ್ತಿದ್ದಳು.

ಫೋಟೊ ತೆಗೆಯಲಿಲ್ಲ. ಊಟಕ್ಕೆ ನಿಲ್ಲೆಂದರೂ ನಿಲ್ಲಲಿಲ್ಲ. ಪ್ರದರ್ಶನದವರಿಗೆ ಬರುವುದಿಲ್ಲವೆಂದು ತಿಳಿಸಿದಳು. ಆಮೇಲೆ ಎಷ್ಟೋ ದಿನ ಶೆಡ್ಡಿನ ಬಾಗಿಲು ತೆಗೆದು, ಹತ್ಯಾರ ಮುಟ್ಟದೆ ಕೂತಿದ್ದು ಮನೆಗೆ ಹೋಗುತ್ತಿದ್ದಳು. ಆ ಗಾಯ ಕಣ್ಣ ಮುಂದಿನಿಂದ ಸರಿಯುತ್ತಲೇ ಇರಲಿಲ್ಲ.

ಕೊನೆಗೆ ಹೊಸ ಹಲಗೆ ಆರಿಸಿದಳು. ಅಗಲ ಹೆಚ್ಚಿಸಿ, ಉಬ್ಬನ್ನು ಕೈಬಿಟ್ಟು, ಮುಂದಿನ ಅಂಚನ್ನು ಉರುಟಾಗಿ ಕೆಳಕ್ಕಿಳಿಸಿದಳು. ಕೈಗಳು ಗಿಡ್ಡವಾಗಿ ಹಿಂದೆ ಸರಿದವು, ಏಳುವಾಗ ಊರಲು ಸಾಕಾಗುವಷ್ಟು ಮಾತ್ರ ಉಳಿದವು. ಹಲಗೆ ತಗ್ಗಿದ್ದರಿಂದ ಕಾಲುಗಳ ಓರೆಯನ್ನು ಮೊದಲಿನಿಂದ ಲೆಕ್ಕ ಹಾಕಬೇಕಾಯಿತು. ನೋಟಕ್ಕೆ ಒಪ್ಪಲಿ ಎಂದು ಕಮಾನನ್ನೂ ಗಿಡ್ಡ ಮಾಡಿದಳು.

ದೌಂಡಕ್ಕೆ ಒಯ್ದಾಗ ನಾಗವ್ವ ಹತ್ತಿ ಕೂತು, ಕಾಲು ಮಡಚಿ, ಹಿಂದಕ್ಕೆ ಒರಗಿ ನೋಡಿದರು. ಕಮಾನು ತುರುಬಿಗೆ ತಾಗುತ್ತದೆ ಎಂದರು. ಪೂರ್ವಾಳಿಗೆ ತುರುಬಿನ ಯೋಚನೆಯೇ ಬಂದಿರಲಿಲ್ಲ. ಅದೇ ಸಂಜೆ ಕುರ್ಚಿಯನ್ನು ಮತ್ತೆ ರೈಲಿಗೇರಿಸಿದಳು.

ಕಮಾನು ತಿದ್ದಿ ಮಾಡಿದ ಮುಂದಿನ ಕುರ್ಚಿಯನ್ನು ನಾಗವ್ವ ಇಟ್ಟುಕೊಂಡರು. ಗಾಯ ಮಾಗುತ್ತಿದೆ ಎಂದು ಮಾಂತು ಫೋನು ಮಾಡಿ ಹೇಳಿದ.

ಈಗ ಕುರ್ಚಿ ಕೇಳಿಕೊಂಡು ಶೆಡ್ಡಿಗೆ ಬಂದವರಿಗೆ ಪೂರ್ವಾ ಮೊದಲು ಚಾಪೆ ಹಾಸುತ್ತಾಳೆ. ಕೆಲವರು ಏನೂ ತೋಚದೆ ನಿಂತೇ ಇರುತ್ತಾರೆ. ಕೂತವರು ಹೇಗೆ ಕಾಲು ಮಡಚುತ್ತಾರೆ, ಹೇಗೆ ಏಳುತ್ತಾರೆ ಎಂದು ಅವಳು ನೋಡುತ್ತಾಳೆ, ಅಳತೆ ಆಮೇಲೆ.