ಮಹಾನಂದಾ ಮೇಡಂ ಮತ್ತು ಗುಲಾಬಿಗೆ ತಿರುಗದ ಕೆಂಪು

ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಬೆಂಗಳೂರಿನ ಹೊರ ಅಂಚಿನುದ್ದಕ್ಕೂ ದಿನವೂ ಅದೆಷ್ಟೋ ಕೇಕುಗಳು ತಯಾರಾಗಿ ಹುಟ್ಟುಹಬ್ಬಗಳಿಗೆ, ಆರತಕ್ಷತೆಗಳಿಗೆ, ಕಂಪನಿಗಳ ಸಮಾರಂಭಗಳಿಗೆ ಹೋಗುತ್ತವೆ. ಅವುಗಳ ಮೇಲೆ ಹೂ ಬಿಡಿಸುವವರು, ಹೆಸರು ಬರೆಯುವವರು, ಅಂತಸ್ತಿನ ಮೇಲೆ ಅಂತಸ್ತು ಕಟ್ಟುವವರು ನಮ್ಮ ವೃತ್ತಿಯಲ್ಲಿ ಅನೇಕರಿದ್ದಾರೆ. ಆದರೆ ಐಸಿಂಗಿಗೆ ನಿಜವಾದ ಕೆಂಪು ತರುವುದು ಹೇಗೆಂಬ ಪ್ರಶ್ನೆ ಬಂದಾಗ, ಯಾವ ಬೇಕರಿಯವರಾದರೂ ಫೋನು ಮಾಡುತ್ತಿದ್ದುದು ಒಬ್ಬರಿಗೇ. ಅವರೇ ಪೀಣ್ಯದ ಹೊಂಬೆಳಕು ಬೇಕರ್ಸ್‌ನ ಬಣ್ಣ ವಿಭಾಗದ ಮುಖ್ಯಸ್ಥರಾಗಿ ಈ ವರ್ಷ ನಿವೃತ್ತರಾದ, ನಮ್ಮೆಲ್ಲರ ಗೌರವಕ್ಕೆ ಪಾತ್ರರಾದ ಶ್ರೀಮತಿ ಮಹಾನಂದಾ ಅವರು.

ಈ ಕೆಲಸ ಮಾಡದವರಿಗೆ ಕೆಂಪು ಬಣ್ಣದಲ್ಲೇನು ಕಷ್ಟ ಎಂದು ಅನ್ನಿಸಬಹುದು. ಬಿಳಿ ಕೆನೆಗೆ ಕೆಂಪು ಹನಿ ಹಾಕಿದರೆ ಬರುವುದು ಗುಲಾಬಿ. ಇನ್ನಷ್ಟು ಹಾಕಿದರೆ ಗಾಢ ಗುಲಾಬಿ. ಮತ್ತಷ್ಟು ಸುರಿದರೆ ಕೆನೆ ನೀರಾಗುತ್ತದೆ, ನಾಲಿಗೆಗೆ ಕಹಿಯಾಗುತ್ತದೆ, ಕಾನೂನು ಹಾಕಿದ ಮಿತಿಯೂ ದಾಟಿಹೋಗುತ್ತದೆ. ಕೆಂಪು ಮಾತ್ರ ಬರುವುದಿಲ್ಲ. ಬೆಣ್ಣೆಯ ಐಸಿಂಗಾದರೆ ಬೆಣ್ಣೆಯ ಹಳದಿ ಸೇರಿ ಕಿತ್ತಳೆಯ ಕಡೆಗೆ ಜಾರುತ್ತದೆ. ನೀರಿನಂಥ ಬಣ್ಣ ಬಿಟ್ಟು ಗಟ್ಟಿ ಜೆಲ್ ಬಣ್ಣ ಆರಿಸಿಕೊಳ್ಳಬೇಕು, ಅದರಲ್ಲೂ ಕಹಿ ಕಡಿಮೆಯಿರುವುದನ್ನು ಹುಡುಕಬೇಕು, ಚಿಟಿಕೆ ಕೋಕೋ ಬೆರೆಸಿ ಅದಕ್ಕೆ ಆಳ ಕೊಡಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಕೈ ತಡೆದು ಕಾಯಬೇಕು. ಕಲಸಿದಾಗ ಸಪ್ಪೆಯಾಗಿ ಕಂಡ ಬಣ್ಣ ಮರುದಿನ ತಾನಾಗಿಯೇ ಕೆಂಪಾಗಿ ಕೂತಿರುತ್ತದೆ. ಇಂದು ಇದೆಲ್ಲ ಯಾರ ಮೊಬೈಲಿನಲ್ಲಾದರೂ ಸಿಗುವ ವಿದ್ಯೆ. ನಾವು ಕಲಿಯುವ ಕಾಲಕ್ಕೆ ಮೇಡಂ ಅವರ ಪಕ್ಕದಲ್ಲಿ ನಿಂತೇ ಕಲಿಯಬೇಕಿತ್ತು.

ಮೇಡಂ ಅವರದು ಇಳಕಲ್ಲು. ರಸಾಯನಶಾಸ್ತ್ರದಲ್ಲಿ ಪದವಿ ಪಡೆದು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿದ್ದ ಈರೇಶ್ ಅವರನ್ನು ಮದುವೆಯಾಗಿ ಈ ಊರಿಗೆ ಬಂದವರು. ಮಕ್ಕಳಾಗುವ ಮೊದಲೇ ಈರೇಶ್ ಅವರು ಕಾಮಾಲೆಯಿಂದ ತೀರಿಕೊಂಡರು. ತವರಿಗೆ ಮರಳಿ ಬಾ ಎಂದು ಕರೆದ ತಾಯಿ ಗಂಗಮ್ಮನವರ ಮಾತನ್ನು ಒಪ್ಪದೆ, ದಾಸರಹಳ್ಳಿಯ ಬಾಡಿಗೆ ಮನೆಯಲ್ಲೇ ಉಳಿದು, ಆಗಷ್ಟೇ ಶುರುವಾಗಿದ್ದ ಹೊಂಬೆಳಕು ಬೇಕರಿಗೆ ಅರ್ಜಿ ಹಾಕಿದರು. ಪದವಿ ನೋಡಿದ ಮಾಲೀಕರಾದ ಸಿದ್ದರಾಜು ಅವರು ಬಣ್ಣಗಳ ಕೋಣೆಯನ್ನು ಅವರ ವಶಕ್ಕೆ ಕೊಟ್ಟರು.

ಬೇಕರಿಯೆಂದರೆ ಮೊಟ್ಟೆ. ಇಳಕಲ್ಲಿನ ಮನೆಗೆ ಆ ಸುದ್ದಿ ಮುಟ್ಟಿದ ದಿನದಿಂದ ಗಂಗಮ್ಮನವರು ಮಗಳ ಕೈಯ ನೀರನ್ನೂ ಮುಟ್ಟಲಿಲ್ಲ. ಸಂಬಂಧಿಕರ ಮನೆಯ ಕಾರ್ಯಗಳಿಗೆ ಹೋದರೆ ಮೇಡಂ ಅವರಿಗೆ ಉಪಚಾರಕ್ಕೇನೂ ಕೊರತೆಯಿರುತ್ತಿರಲಿಲ್ಲ. ಅಡುಗೆಮನೆಯ ಹೊಸ್ತಿಲು ದಾಟಲು ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮಾಡದೆ ಕಾಫಿಯನ್ನೂ ಕುಡಿಯದ, ಮೊಟ್ಟೆ ಬಿದ್ದ ಕೇಕಿನ ಒಂದು ಪುಡಿಯನ್ನೂ ಬಾಯಿಗೆ ಹಾಕದ ಹೆಂಗಸು ಮೇಡಂ. ಬೆಣ್ಣೆ, ಸಕ್ಕರೆ, ಬಣ್ಣ ಸೇರಿದ ಐಸಿಂಗನ್ನಷ್ಟೇ ಚಮಚದ ತುದಿಯಲ್ಲಿ ನೆಕ್ಕಿ ಕಹಿ ನೋಡುತ್ತಿದ್ದರು. ಇತ್ತ ನಮ್ಮ ಬೇಕರಿಯವರಿಗೆ ಅವರು ಮಡಿಯ ಮೇಡಂ. ಮಧ್ಯಾಹ್ನ ನಾವೆಲ್ಲ ಡಬ್ಬಿ ಬಿಚ್ಚಿ ಒಬ್ಬರ ಸಾರು ಇನ್ನೊಬ್ಬರು ಸುರಿದುಕೊಳ್ಳುವಾಗ, ಅವರು ಬಣ್ಣದ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ಕುಳಿತು ರೊಟ್ಟಿ ತಿನ್ನುತ್ತಿದ್ದರು. ಯಾರೂ ಅವರನ್ನು ದೂರ ಇಟ್ಟಿರಲಿಲ್ಲ, ಹತ್ತಿರ ಕರೆಯುವ ಧೈರ್ಯವನ್ನೂ ಯಾರೂ ಮಾಡಿರಲಿಲ್ಲ.

ನಾನು ಅಲ್ಲಿ ಕೆಲಸಕ್ಕೆ ಸೇರಿದ್ದು ಪಿಯುಸಿ ಮುಗಿಸಿದ ಮೇಲೆ. ನಾಗಸಂದ್ರದ ಹಳೇ ಊರಿನವಳು ನಾನು. ನನ್ನ ತಂದೆ ಆವಲಪ್ಪನವರ ಹೊಲವಿದ್ದ ಜಾಗದಲ್ಲಿ ಈಗ ಗೋದಾಮುಗಳಿವೆ. ಮೊದಲ ವಾರವೇ ನಾನು ಕಲಸಿದ ಕೆಂಪನ್ನು ಮೇಡಂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದು ನೆನಪಿದೆ.

"ಟ್ಯೂಬ್‌ಲೈಟಿನಾಗ ಎಲ್ಲಾ ಚೆಂದ ಕಾಣತೈತಿ. ಹೊರಗ ತಂದು ನೋಡವ್ವಾ," ಎಂದರು.

ಹೊರಗೆ ಅದು ಗುಲಾಬಿಯಾಗಿತ್ತು. ಗದರಲಿಲ್ಲ. ಆ ಬಟ್ಟಲನ್ನು ಗುಲಾಬಿ ಹೂಗಳಿಗೆ ಬಳಸಿಕೊಂಡು ನನಗೆ ಬೇರೆ ಬಟ್ಟಲು ಕೊಟ್ಟರು. ಮುಂದೆ ನಾನು ಬಸುರಿಯಾಗಿ ಬೆಣ್ಣೆಯ ವಾಸನೆಗೇ ಓಕರಿಸುತ್ತಿದ್ದಾಗ, ನನ್ನನ್ನು ಕೂತು ಮಾಡುವ ಸಕ್ಕರೆ ಹೂವಿನ ಕೆಲಸಕ್ಕೆ ಹಾಕಿ, ನನ್ನ ಪಾಲಿನ ಐಸಿಂಗನ್ನೂ ತಾವೇ ಮುಗಿಸುತ್ತಿದ್ದರು. ಅದು ಮಾಲೀಕರಿಗೆ ತಿಳಿದದ್ದು ನಾನು ಹೆರಿಗೆ ಮುಗಿಸಿ ಬಂದ ಮೇಲೆ, ಅದೂ ನನ್ನ ಬಾಯಿಂದ.

ಅವರ ಸೇವಾವಧಿಯ ಒಂದು ಘಟನೆಯನ್ನು ಇಲ್ಲಿ ಸ್ಮರಿಸಲೇಬೇಕು. ಒಮ್ಮೆ ಬಣ್ಣದ ವ್ಯಾಪಾರಿ ಗುರುರಾಜ್ ಎಂಬವರು ಹೊರದೇಶದ ಕೆಂಪು ಪುಡಿಯೊಂದರ ಮಾದರಿ ತಂದರು. ಅಂಥ ಕೆಂಪನ್ನು ನಾವು ಕಂಡಿರಲಿಲ್ಲ. ಕಹಿಯಿಲ್ಲ, ಮಾಸುವುದಿಲ್ಲ, ಕಾಯಬೇಕಾಗಿಯೂ ಇಲ್ಲ. ಎಲ್ಲರೂ ಹಿಗ್ಗುತ್ತಿದ್ದಾಗ ಮೇಡಂ ಕೇಳಿದ್ದು ಒಂದೇ: "ಇದು ಯಾವುದರಿಂದ ಬರತೈತ್ರಿ?" ಕಳ್ಳಿಗಿಡದ ಮೇಲಿನ ಒಂದು ಜಾತಿಯ ಹುಳುವನ್ನು ಒಣಗಿಸಿ ತೆಗೆಯುತ್ತಾರೆಂದು ಗುರುರಾಜ್ ತಡವರಿಸುತ್ತ ಹೇಳಿದರು.

"ಯಾರ್ ಕೇಳ್ತಾರೆ ಬಿಡಿ ಮೇಡಂ," ಎಂದರು ಸಿದ್ದರಾಜು.

"ಯಾರೂ ಕೇಳೂದಿಲ್ರಿ. ಅದಕ್ಕ ನಾವು ಹೇಳಬೇಕಾಗತೈತಿ. ಎಗ್‌ಲೆಸ್ ಅಂತ ನಂಬಿ ಒಯ್ತಾರ, ಪೂಜಾದ ಮನೀಗೆ ಒಯ್ತಾರ."

ಮಾಲೀಕರು ಮಾದರಿಯನ್ನು ಹಿಂದಿರುಗಿಸಿದರು. ಸುಲಭದ ಕೆಂಪು ಕೈತಪ್ಪಿತೆಂದು ನಮ್ಮಲ್ಲಿ ಕೆಲವರು ಬಹಳ ದಿನ ಗೊಣಗಿದರು. ಆಗಲೂ ಮೇಡಂ ಗೋಡೆಗೆ ಮುಖಮಾಡಿಯೇ ರೊಟ್ಟಿ ತಿಂದರು.

ಇನ್ನು ಮುಂದಿನ ಪ್ರಸಂಗವನ್ನು ಮೇಡಂ ಅವರ ಈ ಅಭಿನಂದನ ಗ್ರಂಥದಲ್ಲಿ ಬರೆಯುವುದು ಸರಿಯೇ ಎಂದು ಅವರನ್ನೇ ಕೇಳಿದೆ. "ನಡದದ್ದನ್ನ ಬರಿಯಾಕ ನನ್ನೇನ್ ಕೇಳತೀ? ಬರಿ," ಎಂದರು.

ಕೆಲವು ವರ್ಷಗಳ ಹಿಂದೆ ಗಂಗಮ್ಮನವರಿಗೆ ಎಂಬತ್ತು ತುಂಬಿತು. ಆ ಹೊತ್ತಿಗೆ ಅವರು ಬೆಂಗಳೂರಿಗೇ ಬಂದು ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಕಿರಿಯ ಮಗಳು ನಿವೇದಿತಾ ಅವರ ಜೊತೆಗಿದ್ದರು. ನಿವೇದಿತಾ ಅಕ್ಕನಿಗೆ ಫೋನು ಮಾಡಿ, ಮೊಟ್ಟೆಯಿಲ್ಲದ ಕೇಕೊಂದನ್ನು ಮಾಡಿಕೊಡಬೇಕೆಂದು ಕೇಳಿದರು. ಅಷ್ಟು ವರ್ಷಗಳಲ್ಲಿ ಆ ಮನೆಯಿಂದ ಬಂದ ಮೊದಲ ಬೇಡಿಕೆ ಅದು. ಫೋನು ಇಟ್ಟ ಮೇಲೆ ಮೇಡಂ ಅವರ ಮುಖ ಹೇಗಾಯಿತೆಂದರೆ, ನಾನು ಹೆದರಿ ಏನಾಯಿತೆಂದು ಕೇಳಿದೆ.

"ಅವ್ವಗ ಕೇಕ್ ಮಾಡಬೇಕಂತ," ಎಂದು ಕುರ್ಚಿಯ ಮೇಲೆ ಕುಳಿತರು.

ಕೇಕಿನ ಮೇಲೆ ಇಳಕಲ್ ಸೀರೆಯ ಸೆರಗು ಮಾಡುವುದೆಂದು ಅವರೇ ನಿರ್ಧರಿಸಿದರು. ಒಡಲು ಯಾವ ಬಣ್ಣದ್ದಿದ್ದರೂ ಆ ಸೆರಗು ಕೆಂಪೇ, ಅದರ ಮೇಲೆ ಗೋಪುರದಂಥ ಬಿಳಿಯ ತೆನೆಯ ಚಿತ್ತಾರಗಳು. ತಾಯಿ ಉಡುವ ಸೀರೆ ಅದೇ. ಮಗುವಾಗಿದ್ದಾಗ ತಾವು ಮುಖ ಒರೆಸಿಕೊಂಡ ಸೆರಗು ಅದೇ. ಆ ಕೆಂಪೇ ಆಗಬೇಕು, ಹತ್ತಿರದ ಕೆಂಪು ಸಾಲದು. ಕಪಾಟಿನಲ್ಲಿದ್ದ ಎಲ್ಲ ಜೆಲ್ ಬಣ್ಣಗಳೂ ಹೊರಬಂದವು. ಒಂದು ಕಿತ್ತಳೆಗೆ ವಾಲಿತು, ಒಂದು ಕಹಿಯಾಯಿತು, ಒಂದು ಒಣಗಿದ ಮೇಲೆ ಕಂದಿತು. ಬೀಟ್‌ರೂಟಿನ ಬಣ್ಣವನ್ನೂ ನೋಡಿದರು. ಅದು ನೇರಳೆಗೆ ತಿರುಗಿ ಮಣ್ಣಿನ ವಾಸನೆ ಬಿಟ್ಟಿತು. ಕೊನೆಗೆ ಕಹಿ ಕಡಿಮೆಯಿದ್ದ ಒಂದು ಜೆಲ್ ಆರಿಸಿ, ಕೋಕೋ ಬೆರೆಸಿ, ಬೆಣ್ಣೆಯ ಹಳದಿ ಮುರಿಯಲು ಕಡ್ಡಿಯ ತುದಿಯಷ್ಟು ನೀಲಿ ತಾಗಿಸಿ, ಮುಚ್ಚಿಟ್ಟರು. ಮರುದಿನ ಬಟ್ಟಲನ್ನು ಅಂಗಳಕ್ಕೆ ತಂದು ತಮ್ಮ ಹಳೇ ಇಳಕಲ್ ಸೆರಗಿನ ಪಕ್ಕ ಹಿಡಿದಾಗ ನನಗೆ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಕೆಂಪು ಪೂರ್ತಿ ಆರುವ ಮೊದಲು ಬಿಳಿ ಎಳೆದರೆ ಕೆಂಪು ಅದಕ್ಕೆ ಸೋರುತ್ತದೆಂದು ತೆನೆಗಳನ್ನು ಕೊನೆಗೆ, ಯಾರ ಕೈಗೂ ಕೊಡದೆ ತಾವೇ ಎಳೆದರು.

ಕೇಕಿನ ಪೆಟ್ಟಿಗೆ ಹಿಡಿದು ಅವರ ಜೊತೆ ಹೋದವಳು ನಾನು. ಅತಿಥಿಗಳು ತುಂಬಿದ್ದ ನಡುಮನೆಯಲ್ಲಿ ಮುಚ್ಚಳ ತೆಗೆದಾಗ ಎಲ್ಲರೂ ಒಮ್ಮೆಗೇ ಹತ್ತಿರ ಬಂದರು. ಗಂಗಮ್ಮನವರು ಬಾಗಿ ನೋಡಿದರು. ತಮ್ಮ ಸೆರಗನ್ನು ಹಿಡಿದು ಅದರ ಪಕ್ಕ ಇಟ್ಟು ನೋಡಿದರು.

"ಯಾರ್ ಮಾಡ್ಯಾರಿದನ್ನ?"

"ಅಕ್ಕ ಮಾಡ್ಯಾಳವ್ವಾ. ಮೊಟ್ಟೆ ಹಾಕಿಲ್ಲ," ಎಂದರು ನಿವೇದಿತಾ.

ಮೇಡಂ ಊಟದ ಮೇಜಿನಾಚೆ ತಟ್ಟೆಗಳನ್ನು ಹಿಡಿದು ನಿಂತಿದ್ದರು. ಗಂಗಮ್ಮನವರು ಆ ಕಡೆ ನೋಡಿದರು. ಮೊಮ್ಮಕ್ಕಳು ಅವರ ಕೈಹಿಡಿದು ಚಾಕು ಹಾಯಿಸಿದರು. ಮೊದಲ ತುಂಡನ್ನು ಬಾಯಿಯ ಬಳಿ ತಂದಾಗ ತಲೆ ತಿರುಗಿಸಿ, "ನನಗ ಬ್ಯಾಡ. ಹುಡುಗರಿಗೆ ಕೊಡ್ರಿ," ಎಂದರು. ಕೇಕು ನೋಡನೋಡುತ್ತಿದ್ದಂತೆ ಖಾಲಿಯಾಯಿತು. ಚೆನ್ನಾಗಿದೆಯೆಂದು ಹೇಳದವರಿಲ್ಲ.

ಅತಿಥಿಗಳು ಹೊರಟ ಮೇಲೆ ನಾವು ಕೇಕಿನ ಹಲಗೆ ಒರೆಸುತ್ತಿದ್ದಾಗ ಒಳಕೋಣೆಯಿಂದ ಕರೆ ಬಂತು. ಮೇಡಂ ಹೋಗಿ ಬಾಗಿಲಲ್ಲಿ ನಿಂತರು. ನಾನು ಹಿಂದಿದ್ದೆ.

"ಆ ಸೆರಗ ಯಾಕ ಕತ್ತರಿಸಿದ್ರಿ?" ಗಂಗಮ್ಮನವರ ದನಿಯಲ್ಲಿ ಸಿಟ್ಟಿತ್ತು, ಕಣ್ಣುಗಳು ತುಂಬಿದ್ದವು. "ಹಂಗ ಇಡಬೇಕಿತ್ತು."

"ಕತ್ತರಿಸಾಕಂತನ ಮಾಡಿದ್ದವ್ವಾ."

"ನನ್ನ ಸೆರಗಿನಂಗ ಇತ್ತು."

"ಹೂಂ."

ಗಂಗಮ್ಮನವರು ಗೋಡೆಯ ಕಡೆಗೆ ಹೊರಳಿ ಮಲಗಿದರು. ಮೇಡಂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಒಳಗೆ ಕಾಲಿಡಲಿಲ್ಲ, ಒಳಗೆ ಬಾ ಎಂದು ಯಾರೂ ಹೇಳಿರಲಿಲ್ಲ.

ನಾವು ಮೆಟ್ರೋದಲ್ಲಿ ಮರಳಿದೆವು. ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಾಯಿಸುವಾಗ, ಜನರ ನೂಕುನುಗ್ಗಲಿನ ನಡುವೆ ಅವರಾಗಿಯೇ ಹೇಳಿದರು: "ಅವ್ವಗ ಬಣ್ಣ ಗೊತ್ತಾತು, ನೋಡಿದ್ಯಾ?" ಅದನ್ನು ಹೇಳುವಾಗ ಅವರು ನಗುತ್ತಿದ್ದರು. ಆ ನಗುವಿಗೆ ನಾನೂ ನಗಬೇಕೋ ಬೇಡವೋ ತಿಳಿಯದೆ ಖಾಲಿ ಪೆಟ್ಟಿಗೆಯನ್ನು ಬಿಗಿಯಾಗಿ ಹಿಡಿದುಕೊಂಡೆ.

ಮರುವರ್ಷ ಶ್ರಾವಣದಲ್ಲಿ ಗಂಗಮ್ಮನವರು ತೀರಿಕೊಂಡರು. ಮೇಡಂ ಇಳಕಲ್ಲಿಗೆ ಹೋಗಿ ಮಣ್ಣು ಹಾಕಿ ಬಂದರು. ಕೆಲಸಕ್ಕೆ ಬಂದ ದಿನ ಅವರ ಮೇಜಿನ ಮೇಲೆ ಯಾವುದೋ ಮನೆಯ ಅಜ್ಜಿಯೊಬ್ಬರ ಹುಟ್ಟುಹಬ್ಬದ ಕೇಕಿತ್ತು. ನಾನು ಮಾಡುತ್ತೇನೆಂದು ಕೈ ಚಾಚಿದೆ. ಕೊಡಲಿಲ್ಲ. ಹೆಸರನ್ನು ಒಂದೇ ಎಳೆತದಲ್ಲಿ, ಒಂದು ಅಕ್ಷರವೂ ಅಲುಗದಂತೆ ಬರೆದರು.

ಆಮೇಲೆ ನಾನು ಹೊಂಬೆಳಕು ಬಿಟ್ಟು ನಾಗಸಂದ್ರದಲ್ಲಿ ಸ್ವಂತ ಕೇಕ್ ಘಟಕ ತೆರೆದಾಗ, ಕೆಲಸ ಬಿಟ್ಟುಹೋದವಳೆಂದು ಮುನಿಸಿಕೊಳ್ಳದೆ, ರಜಾ ದಿನಗಳಲ್ಲಿ ಬಂದು ನನ್ನ ಹುಡುಗಿಯರಿಗೆ ಬಣ್ಣ ಕಲಿಸಿದರು. ಅವರಲ್ಲಿ ಹೆಚ್ಚಿನವರು ಈಗ ತಮ್ಮ ಮನೆಗಳಿಂದಲೇ ಕೇಕು ಮಾಡಿ ಮಾರುತ್ತಿದ್ದಾರೆ. ಈ ಗ್ರಂಥದ ಬಹುಪಾಲು ಲೇಖನಗಳು ಅಂಥವರವೇ.

ಇಂಥ ಗ್ರಂಥಗಳಲ್ಲಿ ಮನೆಯವರು ಬರೆಯುವ ಭಾಗವೊಂದು ಇರುವುದು ವಾಡಿಕೆ. ಸಂಪಾದಕರು ನಿವೇದಿತಾ ಅವರನ್ನು ವಿನಂತಿಸಿಕೊಂಡಿದ್ದರು. "ಅಕ್ಕನ ಬಗ್ಗೆ ಏನ್ ಬರೀಬೇಕಂತ ನಮಗ ಗೊತ್ತಾಗವಲ್ದು. ಆಕೀ ಜೋಡಿ ಇದ್ದವ್ರು ನೀವು, ನೀವೇ ಬರೀರಿ," ಎಂದು ಅವರು ಹೇಳಿದರಂತೆ. ಅದರಲ್ಲಿ ತಾತ್ಸಾರವಿರಲಿಲ್ಲ, ನಿಜವಿತ್ತು. ಹಾಗಾಗಿ ಆ ಭಾಗದಲ್ಲಿ ಈ ಒಂದು ಲೇಖನವಿದೆ, ಬರೆದವಳು ಅವರ ರಕ್ತಸಂಬಂಧಿಯಲ್ಲ.

ಮನೆಯವರ ಜಾಗದಲ್ಲಿ ನಿಂತ ಮೇಲೆ ಮನೆಯವರಂತೆಯೇ ಒಂದು ಮಾತು ಹೇಳಿಬಿಡುತ್ತೇನೆ. ಮೇಡಂ, ನಿಮ್ಮ ಕಣ್ಣು, ಕೈ, ನಾಲಿಗೆ ಮೂರೂ ಇನ್ನೂ ಬಹುಕಾಲ ಹೀಗೆಯೇ ಚುರುಕಾಗಿರಲಿ. ನಮ್ಮ ಹುಡುಗಿಯರು ಕಲಸಿದ್ದನ್ನು ನೀವು ಬೆಳಕಿಗೆ ಹಿಡಿದು ನೋಡುವ ದಿನಗಳು ಮುಗಿಯದಿರಲಿ. ದೇವರು ನಿಮಗೆ ನೂರು ವರ್ಷದ ಆಯುಷ್ಯ ಕೊಡಲಿ. ಆದರೆ ಊಟಕ್ಕೆ ಬನ್ನಿ ಎಂದು ನಾನು ಎಷ್ಟು ಸಲ ಕರೆದರೂ "ಮುಂದಿನ ವಾರ ಬರತೇನವ್ವಾ" ಎಂದು ಫೋನು ಇಡುತ್ತೀರಿ. ಯಾಕೆಂದು ನೀವು ಹೇಳುವುದಿಲ್ಲ, ನನಗೆ ಗೊತ್ತಿದೆ. ನಮ್ಮದು ಮಾಂಸ ಬೇಯುವ ಮನೆ. ಮೊನ್ನೆ ನನ್ನ ತಾಯಿ ಲಕ್ಷ್ಮಮ್ಮ ಬಸ್‌ ಹತ್ತಿ ಹೋಗಿ ಹೊಸ ಪಾತ್ರೆ, ಹೊಸ ಸೌಟು, ಹೊಸ ತಟ್ಟೆ ತಂದು ತೊಳೆದು ಬೇರೆ ಕಪಾಟಿನಲ್ಲಿಟ್ಟಿದ್ದಾರೆ.

"ಅವ್ರಿಗೇಂತ್ಲೇ ತಂದಿವ್ನಿ, ಬ್ಯಾರೆ ಯಾರ್ಗೂ ಮುಟ್ಟಕ್ ಬಿಡಾಕಿಲ್ಲ. ಅಂಗಂತ ಯೋಳು," ಎಂದಿದ್ದಾರೆ.

ಹೇಳಿದ್ದೇನೆ, ಅದೂ ಅಚ್ಚಿನಲ್ಲಿ, ಇಷ್ಟು ಜನರ ಮುಂದೆ. ಈ ಗ್ರಂಥ ನಿಮ್ಮ ಕೈಸೇರಿದ ವಾರದ ಗುರುವಾರ ಅಮ್ಮ ಸೊಪ್ಪಿನ ಸಾರು ಮಾಡುತ್ತಾರೆ. ನೀವು ಅಡುಗೆಮನೆಯೊಳಗೇ ಬಂದು ಕೂರಬೇಕು.