ಹಗ್ಗದ ಒಂದೇ ಕಡೆ

ಆಸ್ಪತ್ರೆಯ ಹಿಂಬದಿಯಲ್ಲಿ, ಅಡುಗೆಮನೆಗೂ ಆಂಬುಲೆನ್ಸ್ ಶೆಡ್ಡಿಗೂ ನಡುವೆ, ತಗಡಿನ ಸೂರಿನ ಉದ್ದನೆಯ ಕಟ್ಟಡವೊಂದಿತ್ತು. ಅದೇ ಲಾಂಡ್ರಿ. ಬೆಳಿಗ್ಗೆ ಬಾಯ್ಲರ್ ಹೊತ್ತಿಸಿದರೆ ಒಳಗೆಲ್ಲ ಹಬೆ. ಎದುರು ನಿಂತವರ ಮುಖ ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳಿಸುತ್ತಿತ್ತು. ಅಲ್ಲಿ ದುಡಿಯುವ ಹೆಂಗಸರಲ್ಲಿ ಎಲ್ಲರಿಗಿಂತ ಹಳಬಳು ಗೂಟಕ್ಕ.

ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದನ್ನು ಅವಳೇ ಅರ್ಧ ಮರೆತಿದ್ದಳು. ಕೆಲಸಕ್ಕೆ ಸೇರಿ ಒಂದೆರಡು ವರ್ಷವಾದಾಗ ನಗರಸಭೆಯ ಕ್ರೀಡಾಕೂಟದ ಹಗ್ಗಜಗ್ಗಾಟಕ್ಕೆ ಅವಳನ್ನು ಹಗ್ಗದ ಕಟ್ಟಕಡೆಗೆ ನಿಲ್ಲಿಸಿದ್ದರು. ಮುಂದಿದ್ದವರೆಲ್ಲ ಮುಗ್ಗರಿಸಿ ಬಿದ್ದರೂ ಇವಳೊಬ್ಬಳು ಹಿಮ್ಮಡಿ ಊರಿ ಅಲ್ಲಾಡದೆ ನಿಂತುಬಿಟ್ಟಳು. "ಯಾರ್ರೀ ಇದು, ಗೂಟ ಹೊಡೆದ ಹಾಗೆ ನಿಂತಿದ್ದಾಳೆ" ಎಂದು ಗುಂಪಿನಲ್ಲಿ ಯಾರೋ ಅಂದದ್ದೇ ಸರಿ, ಅಂದಿನಿಂದ ಹಾಜರಿ ಕೂಗುವ ಗುಮಾಸ್ತನ ಬಾಯಲ್ಲೂ ಅವಳು ಗೂಟಕ್ಕನೇ. ಆ ದಿನ ತಂಡ ಸೋತಿತು, ಹೆಸರು ಮಾತ್ರ ಗೆದ್ದಿತು.

ಆ ಶಕ್ತಿ ಬಂದದ್ದು ಒದ್ದೆ ಕಂಬಳಿಗಳಿಂದ. ನೀರು ಕುಡಿದ ಆಸ್ಪತ್ರೆ ಕಂಬಳಿ ಒಬ್ಬರಿಂದ ಎತ್ತಲಾಗದು. ಇಬ್ಬರು ಎರಡು ತುದಿ ಹಿಡಿದು, ಒಬ್ಬಳು ಎಡಕ್ಕೆ ಇನ್ನೊಬ್ಬಳು ಬಲಕ್ಕೆ ತಿರುವಿ ಹಿಂಡಬೇಕು. ಹಿಂಡುವ ಯಂತ್ರ ಕೆಟ್ಟು ಕೂತ ದಿನಗಳೇ ಹೆಚ್ಚಾದ್ದರಿಂದ ಅಲ್ಲಿನ ಹೆಂಗಸರ ತೋಳುಗಳು ಕುಸ್ತಿಯವರ ತೋಳುಗಳಂತಿದ್ದವು.

ಗೂಟಕ್ಕನ ಗಂಡ ಅದೇ ಆಸ್ಪತ್ರೆಯ ಆಂಬುಲೆನ್ಸ್ ಚಾಲಕ. ಎಷ್ಟೋ ಜನರನ್ನು ಸಾವಿನ ಬಾಯಿಂದ ಹೊತ್ತು ತಂದವನು, ಒಂದು ವಿಷಮ ಜ್ವರಕ್ಕೆ ಅಲ್ಲೇ ಎರಡನೇ ಮಹಡಿಯಲ್ಲಿ ತೀರಿಕೊಂಡ. ಅವನು ಮಲಗಿದ್ದ ಹಾಸಿಗೆಯ ಬಟ್ಟೆಯೂ ಉಳಿದವರ ಬಟ್ಟೆಗಳ ಜೊತೆ ಲಾಂಡ್ರಿಗೇ ಬಂತು. ರಾಶಿಯಲ್ಲಿ ಅವನದು ಯಾವುದೆಂದು ತಿಳಿಯದೆ ಗೂಟಕ್ಕ ಅಷ್ಟನ್ನೂ ಒಂದೇ ಅಕ್ಕರೆಯಿಂದ ಒಗೆದಳು. ಅಂದಿನಿಂದ ಅವಳು ಪ್ರಾರ್ಥನಾ ಮಂದಿರದ ಮೆಟ್ಟಿಲು ಹತ್ತಲಿಲ್ಲ. ಯಾರ ಮೇಲೂ ಸಿಟ್ಟು ತೋರಿಸಲಿಲ್ಲ, ಯಾರಿಗೂ ಕಾರಣ ಹೇಳಲಿಲ್ಲ. ಸುಮ್ಮನೆ ಹೋಗುವುದನ್ನು ಬಿಟ್ಟಳು.

ಮನೆಯಲ್ಲಿ ಉಳಿದವಳು ನಾದಿನಿ. ಗೂಟಕ್ಕ ಮದುವೆಯಾಗಿ ಬಂದಾಗ ಎರಡು ಜಡೆಯ ಸಣ್ಣ ಹುಡುಗಿ. ಅವಳ ತಲೆ ಬಾಚಿ, ಪಾಠ ಓದಿಸಿ, ಬೆಳೆದ ಮೇಲೆ ಲಾಂಡ್ರಿಯಲ್ಲೇ ಕೆಲಸ ಕೊಡಿಸಿದವಳು ಅತ್ತಿಗೆಯೇ. ನಾದಿನಿ ಭಾರಿ ದೈವಭಕ್ತೆ, ಪ್ರಾರ್ಥನಾ ಮಂದಿರದ ಹಾಡಿನಲ್ಲಿ ಮುಂದಿನ ಸಾಲಿನವಳು. ಬೆಳಿಗ್ಗೆ, ಸಂಜೆ ಕಿಟಕಿಯ ಬಳಿ ಕೂತು ಕಣ್ಣು ಮುಚ್ಚಿದರೆ ಪಕ್ಕದಲ್ಲಿ ಡೋಲು ಬಡಿದರೂ ತೆರೆಯುತ್ತಿರಲಿಲ್ಲ. ಲಾಂಡ್ರಿಯಲ್ಲಿ ಗೂಟಕ್ಕನ ಆಪ್ತ ಗೆಳತಿಯೆಂದರೆ ಇಸ್ತ್ರಿಯವಳು. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಇಸ್ತ್ರಿಯವಳ ನಾಲಿಗೆ ಅವಳ ಪೆಟ್ಟಿಗೆಗಿಂತ ಬಿಸಿ. ದೇವರು, ಪೂಜಾರಿ, ಮಂತ್ರಿ, ಯಾರನ್ನೂ ಅದು ಬಿಟ್ಟಿದ್ದಿಲ್ಲ.

ಆ ವರ್ಷ ಚುನಾವಣೆ ಬಂತು. ಹಳೇ ಪಕ್ಷ ಒಂದು ಕಡೆ, ಹೊಸ ಪಕ್ಷ ಇನ್ನೊಂದು ಕಡೆ. ಹಿಂದೆಯೂ ಚುನಾವಣೆಗಳು ಬಂದಿದ್ದವು, ಜನ ಎರಡು ದಿನ ಕಚ್ಚಾಡಿ ಮರೆಯುತ್ತಿದ್ದರು. ಈ ಸಲ ಹಾಗಾಗಲಿಲ್ಲ. ಹೊಸ ಪಕ್ಷದವರು ದೇವರ ಹೆಸರು ಹಿಡಿದು ಬಂದರು, ಹಳೇ ಪಕ್ಷದವರು ಅವರನ್ನು ಮೂಢರೆಂದು ಜರಿದರು. ಅಣ್ಣ ತಮ್ಮಂದಿರು ಮಾತು ಬಿಟ್ಟರು. ಒಂದೇ ಬೀದಿಯಲ್ಲಿ ಎರಡು ಕ್ಷೌರದಂಗಡಿಗಳಾದವು. ಹೊಸ ಪಕ್ಷ ಕೂದಲೆಳೆಯ ಅಂತರದಲ್ಲಿ ಗೆದ್ದಿತು, ಜಗಳ ಇನ್ನಷ್ಟು ಗಟ್ಟಿಯಾಯಿತು.

ಲಾಂಡ್ರಿಗೂ ಆ ಬೆಂಕಿ ಹತ್ತಿತು. ಒಂದು ದಿನ ಚಹಾದ ಹೊತ್ತಿನಲ್ಲಿ, ದೇವರನ್ನು ನಂಬದವರ ಕೈಗೆ ಊರು ಕೊಟ್ಟಿದ್ದರಿಂದಲೇ ಇಷ್ಟು ವರ್ಷ ಹೀಗಾಗಿತ್ತು ಎಂದು ನಾದಿನಿ ಅಂದಳು. ದೇವರ ಹೆಸರಲ್ಲಿ ಓಟು ಕೇಳಿದವರು ನಾಳೆ ದೇವರನ್ನೂ ಮಾರುತ್ತಾರೆ ಎಂದು ಇಸ್ತ್ರಿಯವಳು ತಿರುಗಿಸಿದಳು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ನಾದಿನಿ, ಇನ್ನು ಮೇಲೆ ನಿನ್ನ ಮುಖ ನೋಡಲ್ಲ ಎಂದು ಎದ್ದಳು. ನನಗೂ ಅದೇ ಬೇಕಾಗಿತ್ತು ಎಂದು ಇಸ್ತ್ರಿಯವಳು ಬೆನ್ನು ತಿರುಗಿಸಿದಳು. ಮಾರನೇ ದಿನದಿಂದ ಊಟದ ಬೆಂಚು ಎರಡಾಯಿತು, ಚಹಾದ ಕೆಟಲ್ ಎರಡಾಯಿತು, ಕಂಬಳಿ ಹಿಂಡುವುದಕ್ಕೂ ತಮ್ಮ ಪಕ್ಷದವರೇ ಬೇಕಾಯಿತು.

ಗೂಟಕ್ಕ ಯಾವ ಕಡೆ ಎಂಬುದು ಗುಟ್ಟೇನಲ್ಲ. ಅವಳ ಓಟು ಹಳೇ ಪಕ್ಷಕ್ಕೆ. ಆಸ್ಪತ್ರೆಗೆ ಬೀಗ ಬೀಳುವುದನ್ನು ಹಿಂದೊಮ್ಮೆ ತಪ್ಪಿಸಿದವರು ಅವರೇ, ಅದನ್ನು ಅವಳು ಮರೆತಿರಲಿಲ್ಲ, ಕೇಳಿದವರಿಗೆ ಮುಚ್ಚಿಡುತ್ತಲೂ ಇರಲಿಲ್ಲ. ಜಗಳದ ದಿನ ಸಂಜೆ ನಾದಿನಿ ಮುಖ ಗಂಟಿಕ್ಕಿಕೊಂಡು ಬಂದು ಬಾಗಿಲಲ್ಲೇ ನಿಂತು ಕೇಳಿದಳು.

"ಅತ್ತಿಗೆ, ನೀವೂ ಅವರಿಗೇ ಓಟು ಹಾಕಿದ್ರಾ?"

"ಹೌದು, ಹಾಕ್ದೆ. ನೀನು ಇವರಿಗೆ ಹಾಕ್ದೆ. ಊಟ ಆರ್ತಿದೆ, ಕೂತ್ಕೋ."

ನಾದಿನಿ ಕೂತಳು. ಮುಖದ ಗಂಟು ಬಿಚ್ಚದೆಯೇ ಎರಡು ಸಲ ಬಡಿಸಿಕೊಂಡಳು.

ಕ್ರೀಡಾಕೂಟ ಹತ್ತಿರ ಬಂತು. ಹಗ್ಗಜಗ್ಗಾಟದ ಕಪ್ಪನ್ನು ಪ್ರತಿ ವರ್ಷ ಎತ್ತಿಕೊಂಡು ಹೋಗುತ್ತಿದ್ದವರು ಅಗ್ನಿಶಾಮಕ ದಳದ ಹೆಂಗಸರು. ಲಾಂಡ್ರಿ ತಂಡ ಹೆಚ್ಚೆಂದರೆ ಕೊನೆಯ ಸುತ್ತಿನವರೆಗೆ ಹೋಗಿ ಸೋತು, ನಗುತ್ತ ವಾಪಸಾಗುತ್ತಿತ್ತು. ಈ ಸಲ ತಂಡವೇ ಇಲ್ಲ. ಎಂಟು ಜನರಲ್ಲಿ ಅರ್ಧ ಆ ಕಡೆ, ಅರ್ಧ ಈ ಕಡೆ. ಅವರಿದ್ದರೆ ನಾವಿಲ್ಲ ಎಂದು ಎರಡೂ ಕಡೆಯವರು ಹೇಳಿಬಿಟ್ಟರು. ಗೂಟಕ್ಕ ಯಾರಿಗೂ ಬುದ್ಧಿ ಹೇಳಲು ಹೋಗಲಿಲ್ಲ. ನೇರ ನಗರಸಭೆಗೆ ಹೋಗಿ ಲಾಂಡ್ರಿ ತಂಡ ಬರುತ್ತದೆ ಎಂದು ಹೇಳಿ ಬಂದಳು. ಅಂದು ಸಂಜೆ ಪಾಳಿ ಮುಗಿದ ಮೇಲೆ ಹಗ್ಗದ ಒಂದು ತುದಿಯನ್ನು ಅಂಗಳದಲ್ಲಿ ಬಿದ್ದಿದ್ದ ಹಳೇ ಬಾಯ್ಲರಿಗೆ ಕಟ್ಟಿ, ಇನ್ನೊಂದು ತುದಿ ಹಿಡಿದು, ಒಬ್ಬಳೇ ಎಳೆಯತೊಡಗಿದಳು.

ಹಾದುಹೋಗುವವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಯ್ಲರ್ ಯಾವ ಪಕ್ಷದ್ದು ಗೂಟಕ್ಕ, ಎಂದು ವಾರ್ಡ್ ಆಳು ಕೇಳಿದ. ಗೆದ್ದ ಪಕ್ಷದ್ದೇ ಇರಬೇಕು, ಜಗ್ಗುತ್ತಿಲ್ಲ ನೋಡು, ಎಂದಳು ಇವಳು. ಮರುದಿನವೂ ಎಳೆದಳು, ಅದರ ಮರುದಿನವೂ. ಅಂಗೈ ಸುಲಿಯಿತು. ಬಟ್ಟೆ ಸುತ್ತಿಕೊಂಡು ಎಳೆದಳು.

ಮೊದಲು ಕರಗಿದವಳು ನಾದಿನಿ. ಊರೆಲ್ಲ ಅತ್ತಿಗೆಯನ್ನು ನೋಡಿ ನಗುವುದು ಅವಳಿಗೆ ಸಹಿಸಲಾಗಲಿಲ್ಲ. ಬಂದು ಅತ್ತಿಗೆಯ ಮುಂದೆ ನಿಂತು ಹಗ್ಗ ಹಿಡಿದಳು. ಸ್ವಲ್ಪ ಹೊತ್ತಿಗೆ ಇಸ್ತ್ರಿಯವಳು ಬಂದಳು. ಅವಳು ಬಂದದ್ದು ಬೈಯುವುದಕ್ಕೆ: ಈ ವಯಸ್ಸಿನಲ್ಲಿ ಬೆನ್ನು ಮುರಿದುಕೊಂಡರೆ ನಿನ್ನನ್ನು ನೋಡಿಕೊಳ್ಳುವವರು ಯಾರು, ಬಿಡು ಹಗ್ಗ ಎಂದು. ನಾದಿನಿ ಅಲ್ಲಿರುವುದನ್ನು ಕಂಡು ಅವಳು ತಿರುಗಿ ಹೊರಟಾಗ ಗೂಟಕ್ಕ ಹಗ್ಗ ಬಿಡದೆಯೇ ಹೇಳಿದಳು:

"ನಿಲ್ಲೇ. ಮುಖ ನೋಡಲ್ಲ ಅಂತ ತಾನೆ ಇಬ್ಬರದ್ದೂ ಹಟ? ಹಗ್ಗ ಹಿಡಿದ್ರೆ ಯಾರೂ ಯಾರ ಮುಖಾನೂ ನೋಡಬೇಕಾಗಿಲ್ಲ. ಮುಂದಿರೋರ ಬೆನ್ನು ನೋಡಿದ್ರೆ ಸಾಕು. ನೀನು ಅವಳ ಮುಂದೆ ನಿಂತ್ಕೋ, ಅವಳ ಬೆನ್ನೂ ಕಾಣಲ್ಲ ನಿನಗೆ."

ಇಸ್ತ್ರಿಯವಳಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಹೋಗುವುದು ಹೇಗೆ? ನಾದಿನಿಯ ಮುಂದೆ ಹೋಗಿ ಹಗ್ಗ ಹಿಡಿದಳು. ಆ ವಾರದೊಳಗೆ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಮಾತು ಮಾತ್ರ ಇರಲಿಲ್ಲ. ಪಕ್ಷಕ್ಕೊಂದರಂತೆ ಎರಡು ಬಾಟಲಿ ನೀರು ಇಟ್ಟುಕೊಂಡು ಎಲ್ಲರೂ ಒಂದೇ ಹಗ್ಗ ಎಳೆದರು.

ಸುದ್ದಿ ಹರಡಿತು. ಹೊಸ ಪಕ್ಷದ ಮುಖಂಡ ತನ್ನ ಬಣ್ಣದ ಅಂಗಿಗಳನ್ನು ಕಳಿಸುತ್ತೇನೆಂದ, ಹಳೇ ಪಕ್ಷದವನು ತಾನೂ ಕಳಿಸುತ್ತೇನೆಂದ. ಲಾಂಡ್ರಿಯವರಿಗೆ ಬಟ್ಟೆಗೆ ಬರ ಇದೆಯೇ ಎಂದು ಗೂಟಕ್ಕ ಇಬ್ಬರನ್ನೂ ಸಾಗಹಾಕಿದಳು. ಆದರೆ ಪ್ರಾರ್ಥನಾ ಮಂದಿರದಿಂದ ಬಂದ ಮಾತು ಅಷ್ಟು ಹಗುರವಾಗಿರಲಿಲ್ಲ. ದೇವರನ್ನು ಹೀಯಾಳಿಸುವವರ ಜೊತೆ ಕೈ ಸೇರಿಸುವವಳು ನಮ್ಮ ಜೊತೆ ಹಾಡುವುದು ಬೇಡ ಎಂದು ಅಲ್ಲಿನ ಹಿರಿಯಳು ನಾದಿನಿಗೆ ಹೇಳಿ ಕಳಿಸಿದ್ದಳು. ಅಂದು ಸಂಜೆ ನಾದಿನಿ ಕಿಟಕಿಯ ಬಳಿ ಕೂತಳು, ಕಣ್ಣು ಮುಚ್ಚಲಿಲ್ಲ.

"ಅತ್ತಿಗೆ, ನಿಜ ಹೇಳಿ. ನೀವು ನಂಬೋದೇ ಇಲ್ವಾ?"

ಗೂಟಕ್ಕ ಅವಳ ಎದುರಿಗೆ ನೆಲದ ಮೇಲೆ ಕೂತಳು. "ನಿಮ್ಮಣ್ಣ ಮಲಗಿದ್ದಾಗ ಬೇಡ್ಕೊಂಡೆ. ಉತ್ತರ ಬರ್ಲಿಲ್ಲ. ಆಮೇಲೆ ಬೇಡೋಕೆ ಬಾಯಿ ಬರ್ಲಿಲ್ಲ, ಅಷ್ಟೆ. ಇದಾನೆ ಅಂತ ಹೇಳೋ ಧೈರ್ಯಾನೂ ಇಲ್ಲ, ಇಲ್ಲ ಅಂತ ಹೇಳೋ ಧೈರ್ಯಾನೂ ಇಲ್ಲ. ಆದ್ರೆ ನೀನು ಕಣ್ಣು ಮುಚ್ಚಿ ಕೂತಾಗ ಈ ಮನೇಲಿ ಏನೋ ಒಂದು ಸಮಾಧಾನ ಇರುತ್ತೆ. ಅದು ನನಗೂ ಬೇಕು. ಅದಕ್ಕೇ ಆ ಹೊತ್ತಲ್ಲಿ ನಾನು ಪಾತ್ರೆ ತೊಳೆಯಲ್ಲ."

ನಾದಿನಿ ಬೆರಗಾದಳು. ಇಷ್ಟು ವರ್ಷ ತನ್ನ ಪ್ರಾರ್ಥನೆಯ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಒಂದು ಲೋಟವೂ ಸದ್ದು ಮಾಡಿರಲಿಲ್ಲ. ಅದು ತನ್ನ ಏಕಾಗ್ರತೆ ಎಂದುಕೊಂಡಿದ್ದಳು. ಮರುದಿನ ಮಂದಿರಕ್ಕೆ ಹೋಗಿ ಹಿರಿಯಳ ಎದುರು ನಿಂತು, ಹಾಡುವುದು ಬೇಡವೆಂದರೆ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುತ್ತೇನೆ, ಹಗ್ಗ ಮಾತ್ರ ಬಿಡುವುದಿಲ್ಲ ಎಂದು ಹೇಳಿ ಬಂದಳು. ಹಾಗೇ ಕೂತಳು ಕೂಡ.

ಕ್ರೀಡಾಕೂಟದ ದಿನ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಳಿ ಏಪ್ರನ್ ತೊಟ್ಟು ಲಾಂಡ್ರಿ ತಂಡ ಇಳಿಯಿತು. ಮೊದಲ ಸುತ್ತುಗಳನ್ನು ದಾಟಿ ಫೈನಲಿಗೆ ಬಂದರೆ ಎದುರಿಗೆ ಯಥಾಪ್ರಕಾರ ಅಗ್ನಿಶಾಮಕ ದಳ: ಏಣಿ ಹತ್ತಿ, ಪೈಪು ಹೊತ್ತು ಪಳಗಿದ ಹೆಂಗಸರು. ಮೊದಲ ಎಳೆತ ಅವರದು. ಎರಡನೆಯದು, ನೋಡುವವರು ಉಸಿರು ಬಿಗಿಹಿಡಿದಿರುವಾಗ, ಲಾಂಡ್ರಿಯವರದು.

ಮೂರನೆಯದರಲ್ಲಿ ಹಗ್ಗ ತುಂಬ ಹೊತ್ತು ಅಲ್ಲಾಡಲೇ ಇಲ್ಲ. ಆಮೇಲೆ ಇಂಚಿಂಚಾಗಿ ಆ ಕಡೆಗೆ ಸರಿಯತೊಡಗಿತು. ನಾದಿನಿಯ ಕಾಲ ಕೆಳಗಿನ ಹುಲ್ಲು ಕಿತ್ತುಬಂತು. ಅವಳು ಜಾರಿದಳು, ಪಾದ ಮುಂದಿದ್ದ ಇಸ್ತ್ರಿಯವಳ ಹಿಮ್ಮಡಿಗೆ ಬಡಿಯಿತು. ಇಸ್ತ್ರಿಯವಳು ತಿರುಗಲಿಲ್ಲ. ಹಲ್ಲು ಕಚ್ಚಿಕೊಂಡೇ ಅಂದಳು:

"ನನ್ನ ಕಾಲಿಗೇ ಕಾಲು ಕೊಟ್ಟು ನಿಲ್ಲು ಕಣೇ. ನಾನು ಅಲ್ಲಾಡಲ್ಲ."

ಜಗಳವಾದ ಮೇಲೆ ಅವರಿಬ್ಬರ ನಡುವೆ ಬಂದ ಮೊದಲ ಮಾತು ಅದು. ನಾದಿನಿ ಆ ಹಿಮ್ಮಡಿಗೆ ಪಾದ ಒತ್ತಿ ನಿಂತಳು. ನಿಂತವಳ ಬಾಯಿಂದ, ಯೋಚಿಸದೆಯೇ, ಕಂಬಳಿ ಹಿಂಡುವಾಗಿನ ಲಾಂಡ್ರಿಯ ಕೂಗು ಹೊರಟಿತು: "ಹಿಡಿ... ತಿರುವು... ಹಿಂಡು!" ಹಬೆಯೊಳಗೆ ಮುಖ ಕಾಣದೆ, ಬರೀ ದನಿ ಕೇಳಿ ಕೈ ಕೂಡಿಸಿ ಅಭ್ಯಾಸವಾದವರು ಅವರು. ಎಂಟು ಬಾಯಿ ಕೂಗಿದವು, ಎಂಟು ಬೆನ್ನು ಒಟ್ಟಿಗೆ ಹಿಂದಕ್ಕೆ ವಾಲಿದವು. ಕಟ್ಟಕಡೆಯಲ್ಲಿ ಗೂಟಕ್ಕ ಒಂದು ಹೆಜ್ಜೆ ಹಿಂದಿಟ್ಟಳು. ಇನ್ನೊಂದು. ಅವಳು ಹಿಂದಿಟ್ಟ ಹೆಜ್ಜೆಯನ್ನು ಮುಂದಕ್ಕೆ ಎಳೆಯುವ ಮನುಷ್ಯರು ಆ ಮೈದಾನದಲ್ಲಿರಲಿಲ್ಲ. ಅಗ್ನಿಶಾಮಕ ದಳದ ಸಾಲು ಕುಸಿಯಿತು. ಗೆರೆ ದಾಟಿ, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ಯಾರ ಕೈ ಯಾರ ಕೊರಳಲ್ಲಿದೆ ಎಂದು ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ.

ಎರಡೂ ಪಕ್ಷದ ಮುಖಂಡರು ಕ್ಯಾಮೆರಾದವರನ್ನು ಕರೆದುಕೊಂಡು ಓಡಿ ಬಂದರು, ಇದು ತಮ್ಮ ಗೆಲುವೆಂದು. ಗೂಟಕ್ಕ ಕಪ್ಪನ್ನು ಕಂಕುಳಲ್ಲಿ ಇಟ್ಟುಕೊಂಡು ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ಇಬ್ಬರೂ ಒಂದೇ ಫೋಟೋದಲ್ಲಿ ನಿಲ್ಲೋದಾದ್ರೆ ನಿಲ್ಲಿ. ಇಲ್ಲಾಂದ್ರೆ ದಾರಿ ಬಿಡಿ, ನಮಗೆ ಪಾಳಿ ಇದೆ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ದಾರಿ ಬಿಟ್ಟರು.

ಕಪ್ಪನ್ನು ಹೊತ್ತುಕೊಂಡು ಆಸ್ಪತ್ರೆಯ ಗೇಟಿಗೆ ಬಂದಾಗ ಮಹಡಿಯ ಕಿಟಕಿಗಳೆಲ್ಲ ತೆರೆದಿದ್ದವು. ನಡೆಯಲಾಗುವ ರೋಗಿಗಳು ಕಂಬಿ ಹಿಡಿದು ನಿಂತಿದ್ದರು, ಆಗದವರನ್ನು ನರ್ಸುಗಳು ಮಂಚಸಹಿತ ಕಿಟಕಿಗೆ ತಂದಿದ್ದರು. ದಿಂಬಿನ ಕವರು, ಟವೆಲು, ಹಾಸುಬಟ್ಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಬೀಸಿ ಕೂಗಿದರು. ಎರಡನೇ ಮಹಡಿಯತ್ತ ಗೂಟಕ್ಕ ಕಪ್ಪನ್ನು ಎತ್ತಿ ತೋರಿಸಿದಳು. ಕಣ್ಣು ತುಂಬಿತ್ತು. "ಬೀಸಲಿ ಬೀಸಲಿ, ನಾಳೆ ಅಷ್ಟನ್ನೂ ಒಗೆಯೋರು ನಾವೇ ತಾನೆ" ಎಂದು ಇಸ್ತ್ರಿಯವಳು ಅಂದಾಗ ನಾದಿನಿಗೇ ಮೊದಲು ನಗು ಬಂದದ್ದು.

ಆಮೇಲೆ ಊರು ಒಂದಾಯಿತು ಎಂದರೆ ಸುಳ್ಳಾದೀತು. ಪಕ್ಷಗಳು ಇದ್ದವು, ಜಗಳವೂ ಇತ್ತು. ಮುಂದಿನ ಚುನಾವಣೆಯಲ್ಲಿ ಹಳೇ ಪಕ್ಷ ಗೆದ್ದಿತು, ಅದರ ಮುಂದಿನದರಲ್ಲಿ ಸೋತಿತು. ಮಂದಿರದ ಹಿರಿಯಳು ಕೆಲವು ತಿಂಗಳ ಮೇಲೆ ತಾನೇ ನಾದಿನಿಯನ್ನು ಮುಂದಿನ ಸಾಲಿಗೆ ಕರೆದಳು. ಅವಳ ದನಿಯಿಲ್ಲದೆ ಹಾಡು ಸಪ್ಪೆಯಾಗಿತ್ತಂತೆ. ಲಾಂಡ್ರಿಯಲ್ಲಿ ಊಟದ ಬೆಂಚು ಮತ್ತೆ ಒಂದಾಯಿತು. ಅಲ್ಲಿ ಕೂತು ನಾದಿನಿಯೂ ಇಸ್ತ್ರಿಯವಳೂ ಮೊದಲಿಗಿಂತ ಜೋರಾಗಿ ವಾದ ಮಾಡುತ್ತಿದ್ದರು. ಒಬ್ಬಳೂ ಒಂದಿಷ್ಟೂ ಬದಲಾಗಲಿಲ್ಲ. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಅವಳ ಪಾಳಿಯನ್ನೂ ಮಾಡಿ, ಸಂಜೆ ಹೋಗಿ ತಲೆದಿಂಬಿನ ಬಳಿ ಕೂತು ಅದೇ ವಾದವನ್ನು ಮುಂದುವರಿಸುತ್ತಿದ್ದಳು.

ಗೂಟಕ್ಕ ನಿವೃತ್ತಳಾದ ವರ್ಷ ಅಗ್ನಿಶಾಮಕ ದಳದ ಹೆಂಗಸರು ಅವಳ ಮನೆ ಬಾಗಿಲಿಗೆ ಬಂದರು. ನಮ್ಮ ತಂಡಕ್ಕೆ ನಿಲ್ಲುವುದನ್ನು ಕಲಿಸಿಕೊಡಿ ಅಕ್ಕ, ಎಂದು ಕೇಳಿದರು. ಅವಳು ಸಂತೋಷದಿಂದ ಒಪ್ಪಿಬಿಟ್ಟಳು. ವಿಷಯ ತಿಳಿದು ನಾದಿನಿಯೂ ಇಸ್ತ್ರಿಯವಳೂ ಕೆಂಡವಾದರು. ಇದು ಮಹಾದ್ರೋಹ ಎಂದು ಒಬ್ಬಳು, ಬೆನ್ನಿಗೇ ಚೂರಿ ಹಾಕಿದಳು ಎಂದು ಇನ್ನೊಬ್ಬಳು. ಇಬ್ಬರೂ ಸೇರಿ, ಒಂದೇ ಬೆಂಚಿನಲ್ಲಿ ಒತ್ತಾಗಿ ಕೂತು, ಗೂಟಕ್ಕನ ಜೊತೆ ಮಾತಾಡುವುದಿಲ್ಲವೆಂದು ತೀರ್ಮಾನ ಮಾಡಿದರು. ಅವರಿಬ್ಬರದೂ ಒಂದೇ ಪಕ್ಷವಾಗಿದ್ದು ಅದೇ ಮೊದಲು. ಗೂಟಕ್ಕನಿಗೆ ಇದನ್ನು ವಾರ್ಡ್ ಆಳು ಬಂದು ಹೇಳಿದಾಗ ಅವಳು ಅಗ್ನಿಶಾಮಕ ದಳದ ಅಂಗಳದಲ್ಲಿ, ಹೊಸ ಹುಡುಗಿಯರ ಸಾಲಿನ ಹಿಂದೆ, ಹಿಮ್ಮಡಿ ಊರಿ ನಿಂತಿದ್ದಳು. ಕೇಳಿ ಎಷ್ಟು ನಕ್ಕಳೆಂದರೆ, ಜೀವಮಾನದಲ್ಲಿ ಮೊದಲ ಸಲ ಅವಳ ಕೈಯಿಂದ ಹಗ್ಗ ಜಾರಿತು.