ತಮ್ಮನ ದೋಣಿ ಮೋಟಾರಿಗೆ ನಾನು ಕೊಟ್ಟ ಪ್ರೈಮರ್

ಅರಕಲಗೂಡಿನಲ್ಲಿ ನಮ್ಮದೊಂದು ಪೇಂಟ್ ಅಂಗಡಿ ಇದೆ. ಸರಕು ತರಲು ನನ್ನ ಗಂಡ ಹಾಸನಕ್ಕೆ ಓಡಾಡುತ್ತಾರೆ, ಗಲ್ಲಾದ ಮುಂದೆ ಕೂರುವುದು ನಾನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಡಬ್ಬಗಳ ಮೇಲಿನ ಇಂಗ್ಲಿಷ್ ಓದಲು ಬರುವುದಿಲ್ಲ. ಮುಚ್ಚಳದ ಬಣ್ಣ, ಡಬ್ಬದ ಚಿತ್ರ, ಯಾವ ಸಾಲಿನಲ್ಲಿ ಇಟ್ಟಿದೆ ಎನ್ನುವುದು, ಇಷ್ಟರಲ್ಲೇ ಗುರುತು ಹಿಡಿಯುತ್ತೇನೆ. ವರ್ಷಗಟ್ಟಲೆ ಹೀಗೇ ವ್ಯಾಪಾರ ನಡೆದದ್ದರಿಂದ ಓದಿದವರೆಂದರೆ ನನಗೆ ತಾತ್ಸಾರ. ಗೋಡೆಯ ಬಣ್ಣವನ್ನೇ ಗೇಟಿಗೂ ಹೊಡೆಯಬಹುದೇ ಎಂದು ಕೇಳುವ ಮೇಷ್ಟರು, ಬೆರೆಸಬೇಕಾದ್ದು ನೀರೋ ಥಿನ್ನರೋ ಗೊತ್ತಿಲ್ಲದ ಇಂಜಿನಿಯರು, ಇವರು ಮೆಟ್ಟಿಲು ಇಳಿಯುವ ಮೊದಲೇ ನಾನು ಆಡಿಕೊಂಡು ನಗುತ್ತಿದ್ದೆ. ಈಗ ನಗಬೇಕಾದ್ದು ಯಾರನ್ನು ಕಂಡು ಎಂದು ಗೊತ್ತಿದೆ.

ನನ್ನ ತಮ್ಮ ಗೊರೂರು ಹಿನ್ನೀರಿನಲ್ಲಿ ಮೀನು ಹಿಡಿಯುತ್ತಾನೆ. ಯಾರೋ ಬಿಸಾಡುವುದರಲ್ಲಿದ್ದ ಹಳೇ ದೋಣಿ ಮೋಟಾರೊಂದನ್ನು ಕೊಂಡು, ಎರಡು ತಿಂಗಳು ಒದ್ದಾಡಿ, ಓಡುವಂತೆ ಮಾಡಿದ್ದ. ಅಲ್ಲಿಯೇ ದಡದಲ್ಲಿ ಹೋಂಸ್ಟೇ ಕಟ್ಟಿದ್ದ ಮಾಲೀಕರಿಗೆ ಅತಿಥಿಗಳನ್ನು ಸುತ್ತಾಡಿಸಲು ಒಬ್ಬ ದೋಣಿಯವನು ಬೇಕಾಗಿದ್ದ. 'ಮೋಟಾರು ನೋಡೋಕೆ ಹೊಸದರ ಹಾಗಿರಬೇಕು. ರೆಡಿ ಮಾಡ್ಕೊಂಡು ತೋರಿಸು, ತಿಂಗಳ ಸಂಬಳಕ್ಕೆ ಇಟ್ಕೊತೀನಿ' ಎಂದಿದ್ದರಂತೆ. ಬಲೆ ಬಿಟ್ಟರೆ ಗತಿಯಿಲ್ಲದ ತಮ್ಮನಿಗೆ ಅದೊಂದೇ ದಾರಿ ಕಂಡಿತ್ತು.

ಮೋಟಾರಿನ ಭಾಗಗಳನ್ನು ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದ. ಮೋಟಾರಿನ ಕಾಲು, ಅಂದರೆ ನೀರಿನಲ್ಲಿ ಮುಳುಗುವ ಉದ್ದನೆಯ ಭಾಗದ ತುಂಬ ಬಿಳೀ ಪುಡಿ ಹಿಡಿದಿತ್ತು.

"ಅಕ್ಕ, ಇದು ಕಬ್ಣ ಅಲ್ಲ ಕಣಕ್ಕ, ಅಲ್ಯೂಮಿನಿಯಂ. ಇದಕ್ಕೆ ಬ್ಯಾರೆ ಪ್ರೈಮರ್ ಬತ್ತದಂತೆ, ಎರಡು ಡಬ್ಬ ಬೆರೆಸಿ ಹೊಡೆಯೋದು. ಮೊಬೈಲ್‌ನಾಗೆ ನೋಡ್ದೆ."

"ಓಹೋ, ಮೊಬೈಲ್ ನೋಡಿ ಪೇಂಟ್ ಹೊಡಿಯೋ ಗಂಡು ಬಂದ್ನಪ್ಪ! ಮೀನೂ ಅದ್ರಾಗೇ ಹಿಡೀತೀಯೇನ್ಲಾ?"

ಅಂಗಡಿಯಲ್ಲಿದ್ದ ಇಬ್ಬರು ಪೇಂಟರುಗಳು ನಕ್ಕರು. ಅದರಿಂದ ನನಗೆ ಇನ್ನಷ್ಟು ಹುರುಪು ಬಂತು.

"ತಮಾಸೆ ಅಲ್ಲ ಕಣಕ್ಕ. ನಿನ್ತಾವ ಇಲ್ದಿದ್ರೆ ಏಳ್ಬುಡು, ಹಾಸನಕ್ಕೇ ಓಗಿ ತತ್ತೀನಿ."

"ಅಕ್ಕನ ಅಂಗಡಿ ಬುಟ್ಟು ಹಾಸನಕ್ ಓಯ್ತಾನಂತೆ! ಲೇ, ಟ್ರ್ಯಾಕ್ಟರ್ ಟ್ರೇಲರ್‌ಗೆ ಏನು ಹೊಡೀತಾರೆ? ನೀರಿನ ಟ್ಯಾಂಕಿನ ಸ್ಟ್ಯಾಂಡಿಗೆ? ರೆಡ್ ಆಕ್ಸೈಡ್. ನಿನ್ನ ಬಕೆಟ್‌ನಷ್ಟು ಮೋಟಾರಿಗೆ ಸ್ಪೆಸಲ್ಲಾ? ತಗಂಡ್ ಓಗು."

ನಮ್ಮ ಕಡೆ ಲೋಹ ಎಂದರೆ ಕಬ್ಬಿಣ, ಕಬ್ಬಿಣ ಎಂದರೆ ಬಣ್ಣಕ್ಕೆ ಮುಂಚೆ ಬಳಿಯುವ ಕೆಂಪು ಪ್ರೈಮರ್, ರೆಡ್ ಆಕ್ಸೈಡ್. ಅದರಾಚೆ ಯೋಚಿಸಿದವರಿಲ್ಲ. ನನ್ನ ತಮ್ಮ ಆ ಡಬ್ಬವನ್ನು ತಿರುಗಿಸಿ ಹಿಂಭಾಗ ಓದತೊಡಗಿದ. ನಾನು ಅವನ ಕೈಯಿಂದ ಕಿತ್ತುಕೊಂಡು ಕಾಗದದಲ್ಲಿ ಸುತ್ತಿಬಿಟ್ಟೆ. ಅವನು ಓದಿದ್ದನ್ನು ನನಗೆ ಓದಲಾಗದೆಂದು ಆ ಪೇಂಟರುಗಳಿಗೆ ಗೊತ್ತಾಗಬಾರದಿತ್ತು, ಅಷ್ಟೇ ನನ್ನ ಬುದ್ಧಿ. ಜೊತೆಗೊಂದು ಕಪ್ಪು ಎನಾಮೆಲ್ ಪೇಂಟ್ ಕೊಟ್ಟು ಕಳಿಸಿದೆ. ಅಂಗಡಿ ನಡೆಸುವ ಅಕ್ಕನಿಗೆ ಗೊತ್ತಿರುತ್ತದೆ ಎಂದು ಅವನೂ ತೆಗೆದುಕೊಂಡು ಹೋದ.

ಅವನು ಮಾಡಿದ ಕೆಲಸದಲ್ಲಿ ಕೊರತೆಯಿರಲಿಲ್ಲ. ಎಮರಿ ಪೇಪರಿನಿಂದ ಉಜ್ಜಿ, ಥಿನ್ನರಿನಲ್ಲಿ ಒರೆಸಿ, ತೆಳುವಾಗಿ ಎರಡೆರಡು ಕೋಟ್ ಹೊಡೆದು, ಧೂಳು ಕೂರದಂತೆ ಸೊಳ್ಳೆಪರದೆಯೊಳಗೆ ನೇತುಹಾಕಿ, ಎಂಟು ದಿನ ಒಣಗಿಸಿದ್ದ. ನಾನೇ ಹೋಗಿ ನೋಡಿದ್ದೆ.

ತೋರಿಸುವ ದಿನ ನಾನೂ ಹೋದೆ. ತಮ್ಮನ ಮೇಲಿನ ಮಮತೆಯಿಂದಲ್ಲ. ಹೋಂಸ್ಟೇಯ ಅಷ್ಟೂ ಕೋಣೆಗಳಿಗೆ ಬಣ್ಣ ಆಗಬೇಕಾಗಿತ್ತು, ಆ ವ್ಯಾಪಾರ ನನಗೆ ಬೇಕಿತ್ತು. ಒಳ್ಳೇ ಸೀರೆ ಉಟ್ಟು, ಬಣ್ಣದ ಕಾರ್ಡನ್ನು ಚೀಲದಲ್ಲಿಟ್ಟುಕೊಂಡು ದಡದಲ್ಲಿ ಮಾಲೀಕರ ಪಕ್ಕ ನಿಂತಿದ್ದೆ. ಕಪ್ಪಗೆ ಮಿಂಚುತ್ತಿದ್ದ ಮೋಟಾರನ್ನು ಅವರೂ ಮೆಚ್ಚಿದರು. ತಮ್ಮ ದೊಡ್ಡದೊಂದು ಸುತ್ತು ಹೊಡೆದು ಬಂದು, ದಡದ ಕಲ್ಲಿಗೆ ತಾಗದಿರಲೆಂದು ಮೋಟಾರನ್ನು ಮೇಲಕ್ಕೆತ್ತಿದ.

ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಬಣ್ಣ ಎದ್ದು ಜೋತಾಡುತ್ತಿತ್ತು. ಕಪ್ಪಿನ ಜೊತೆ ಅಡಿಯ ಕೆಂಪೂ ಪದರ ಪದರವಾಗಿ ಕಿತ್ತುಬಂದು, ಬರೀ ಅಲ್ಯೂಮಿನಿಯಂ ಹಲ್ಲು ಕಿಸಿದಂತೆ ಕಾಣುತ್ತಿತ್ತು.

"ಏನಪ್ಪ ಇದು! ಯಾವ ಅಂಗಡಿ ಮಾಲು?" ಎಂದರು ಮಾಲೀಕರು.

ನನ್ನ ತಮ್ಮ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ಮಾಲು ನಮ್ದೇ ಸಾ, ಅದ್ರಲ್ಲೇನೂ ದೋಸ ಇಲ್ಲ. ಒಣಗೋಕ್ ಮುಂಚೆ ನೀರಿಗಿಳ್ಸವ್ನೆ. ಎಷ್ಟೇಳಿದ್ರೂ ಕೇಳಾಕಿಲ್ಲ, ಚಿಕ್ಕೋನಾಗಿದ್ದಾಗ್ನಿಂದ್ಲೂ ಆತುರಗೇಡಿ."

ತಮ್ಮ ನನ್ನ ಮುಖ ನೋಡಿದ. ಹತ್ತು ಜನರೆದುರು ಅಕ್ಕನನ್ನು ಸುಳ್ಳಿ ಎನ್ನುವವನಲ್ಲ ಅವನು. ಅದನ್ನು ನಂಬಿಕೊಂಡೇ ನಾನು ಹಾಗೆ ಹೇಳಿದ್ದು.

"ಬಣ್ಣ ಒಣಗೋವರೆಗೂ ಕಾಯದೋನು ಜನರನ್ನ ನೀರಿನ ಮೇಲೆ ಹೆಂಗಪ್ಪ ಕರ್ಕೊಂಡೋಗ್ತೀಯ? ಬೇಡ ಬಿಡು," ಎಂದ ಮಾಲೀಕರು ನನ್ನತ್ತ ತಿರುಗಿ ಕಾರ್ಡ್ ಕೇಳಿದರು. ನಾನು ಕೊಟ್ಟೆ. ಹೊರಗೋಡೆಗೆ ಯಾವುದು ಚೆಂದ ಎಂದು ಬೆರಳಿಟ್ಟು ತೋರಿಸಿದೆ ಕೂಡ. ಆರ್ಡರ್ ನನಗೇ ಸಿಕ್ಕಿತು.

ಆ ರಾತ್ರಿ ಊಟಕ್ಕೆ ಮುಂಚೆ ಡಬ್ಬದ ಹಿಂಭಾಗವನ್ನು ಗಂಡನಿಂದ ಓದಿಸಿದೆ. "ಕಬ್ಬಿಣಕ್ಕೆ, ಉಕ್ಕಿಗೆ ಮಾತ್ರ ಅಂತ ಬರ್ದೈತೆ. ಯಾಕೆ?" ಎಂದರು. ಏನಿಲ್ಲ ಎಂದೆ. ಅಲ್ಯೂಮಿನಿಯಂಗೆ ಹೊಡೆಯುವ ಪ್ರೈಮರ್ ಬೇಕೆಂದು ನಾನು ಹೇಳಿಕಳಿಸಿದ ಮೇಲೆ, ಮಾರನೇ ವಾರ ಅವರು ಹಾಸನದ ಕಾರ್ ಪೇಂಟರೊಬ್ಬರನ್ನು ಕೇಳಿ ಸರಿಯಾದದ್ದನ್ನು ತಂದರು. ಅಲ್ಯೂಮಿನಿಯಂಗೆ ಅಂಟುವ ಪ್ರೈಮರ್, ಅದಕ್ಕೆ ಬೆರೆಸುವ ಎರಡನೇ ಡಬ್ಬ, ಮೇಲೆ ಹೊಡೆಯುವ ಗಟ್ಟಿ ಕಪ್ಪು. ತಮ್ಮ ಕೇಳಿದ್ದು ಅಕ್ಷರಶಃ ಅದನ್ನೇ.

ಚೀಲ ಹಿಡಿದು ಅವನ ಮನೆಗೆ ಹೋದೆ. ಅಂಗಳದಲ್ಲಿ ಕೂತು ಆಗಲೇ ಮೋಟಾರಿನ ಕಾಲಿಗೆ ತಿಳಿಹಳದಿ ಪ್ರೈಮರ್ ಹೊಡೆಯುತ್ತಿದ್ದ. ಅವನೇ ಹಾಸನಕ್ಕೆ ಹೋಗಿ ತಂದಿದ್ದ.

"ನಂದೇ ತಪ್ಪು ಕಣ್ಲಾ," ಎಂದೆ.

"ಅದು ನಂಗೊತ್ತು. ನಂಗ್ಯಾಕ್ ಏಳ್ತೀಯ? ಆ ಹೋಂಸ್ಟೇಯೋರಿಗೇಳು. ದೋಣಿಗೆ ಇನ್ನೂ ಯಾರೂ ಸಿಕ್ಕಿಲ್ವಂತೆ ಅವರಿಗೆ. ಪೋನ್ ಐತಲ್ಲ ಕೈಯಾಗೆ?"

ಅವನೆದುರಿಗೇ ಫೋನ್ ಮಾಡಿದೆ. ಎರಡನೇ ರಿಂಗಿಗೆ ಮಾಲೀಕರು ಎತ್ತಿದರು. "ಹೇಳಮ್ಮ, ಪೇಂಟ್ ಬಂತಾ?"

ಅಂಗಡಿಯವಳೇ ಪ್ರೈಮರ್ ತಪ್ಪು ಕೊಟ್ಟಳೆಂದು ಗೊತ್ತಾದರೆ ಆ ಕೋಣೆಗಳ ಬಣ್ಣ ಯಾರಿಂದ ಕೊಳ್ಳುತ್ತಾರೆ? ಕಣ್ಣು ಮಿಟುಕಿಸುವಷ್ಟರಲ್ಲಿ ಈ ಲೆಕ್ಕ ನನ್ನ ತಲೆಯಲ್ಲಿ ಮುಗಿದಿತ್ತು. ಇಂಥದ್ದಕ್ಕೆ ಮಾತ್ರ ನನಗೆ ಶಾಲೆ ಬೇಕಾಗಿಲ್ಲ.

"ನಾಳೆ ಬತ್ತದೆ ಸಾ," ಎಂದು ಇಟ್ಟುಬಿಟ್ಟೆ.

ಅವತ್ತೂ ಹೇಳಲಿಲ್ಲ, ಲೋಡು ಇಳಿಸಿದ ದಿನವೂ ಹೇಳಲಿಲ್ಲ. ಈಗ ಅಲ್ಲಿ ಚನ್ನರಾಯಪಟ್ಟಣದ ಕಡೆಯವನೊಬ್ಬ ದೋಣಿ ನಡೆಸುತ್ತಾನೆ.

ಅಂದು ನಾನು ಫೋನ್ ಇಟ್ಟ ಮೇಲೆ ತಮ್ಮ ಮತ್ತೆ ಮೋಟಾರಿನತ್ತ ಬಾಗಿದ. ಬ್ರಷ್ ಅದ್ದಿ, ಅಂಚಿಗೆ ಒರೆಸಿ, ಉಳಿದ ಭಾಗಕ್ಕೆ ಹೊಡೆಯತೊಡಗಿದ. ನಾನು ಎದ್ದು ಸೆರಗು ಕೊಡವಿಕೊಂಡೆ.

"ಆ ಕಡೀಕ್ ಓಗಿ ಕೊಡವ್ಕೊ ಅಕ್ಕ," ಎಂದ. "ಹಸಿ ಐತೆ, ಧೂಳ್ ಬೀಳ್ತದೆ."